ಒಂಬತ್ತನೇ ತರಗತಿಗೇ ಎ-ಜಿ ಲೆಕ್ಕ ಹಾಕಿಬಿಡಿ

ಕ್ಯಾಲಿಫೋರ್ನಿಯಾದಲ್ಲಿ ಮಗಳು ಈ ವರ್ಷ ಒಂಬತ್ತಕ್ಕೆ, ಹೈಸ್ಕೂಲ್ ಡಿಪ್ಲೊಮಾಗೆ ಬೇಕಾದ ಕ್ರೆಡಿಟ್ ಮುಗಿಸಿದರೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸೇರಲು ಸಾಕಾ ಅಂತ ಕೇಳಿದ್ದೀರಿ. ಸಾಲದು. ಡಿಪ್ಲೊಮಾಗೆ ರಾಜ್ಯ ಕೇಳುವುದು ಕನಿಷ್ಠ 2 ವರ್ಷ ಗಣಿತ. ಯುಸಿಗೆ 3 ಬೇಕೇ ಬೇಕು, 4 ಇದ್ದರೆ ಒಳ್ಳೆಯದು. ಪ್ರವೇಶಕ್ಕೆ ಯುಸಿ ಕೇಳುವ ಹೈಸ್ಕೂಲ್ ವಿಷಯಗಳ ಪಟ್ಟಿಯೇ ಎ-ಜಿ. ಅದರಲ್ಲಿ ಒಟ್ಟು 15 ಒಂದು ವರ್ಷದ ಕೋರ್ಸ್: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇನ್ನೊಂದು ಭಾಷೆ 2, ಕಲೆ 1, ಐಚ್ಛಿಕ 1. ಇವುಗಳಲ್ಲಿ 11 ಕೋರ್ಸ್ ಹನ್ನೊಂದನೇ ತರಗತಿ ಮುಗಿಯುವುದರೊಳಗೆ ಆಗಿರಬೇಕು.

ನಮ್ಮವರು ಎಡವುವುದು ಹೆಚ್ಚಾಗಿ ಕಲೆಯಲ್ಲಿ. ಹೊರಗೆ ಎಷ್ಟು ವರ್ಷ ಭರತನಾಟ್ಯ ಕಲಿತರೂ ಅದು ಲೆಕ್ಕಕ್ಕಿಲ್ಲ, ಅನುಮೋದಿತ ಕೋರ್ಸೇ ಆಗಬೇಕು. ಶಾಲೆಯ ಹೆಸರು ಹಾಕಿ ಯುಸಿಯ ಎ-ಜಿ ಕೋರ್ಸ್ ಪಟ್ಟಿ ಹುಡುಕಿ. ಅಲ್ಲಿಲ್ಲದ ಕೋರ್ಸ್ ಶಾಲೆಯಲ್ಲಿ ಕ್ರೆಡಿಟ್ ಕೊಟ್ಟರೂ ಯುಸಿಗೆ ನಡೆಯದು.

ಗ್ರೇಡ್ ಸಿ ಅಥವಾ ಮೇಲಿರಬೇಕು. ಇಂಗ್ಲಿಷಿನಲ್ಲಿ ಡಿ ಬಂದರೆ ಮುಂದಿನ ವರ್ಷ ಎ ತೆಗೆದರೂ ಅದು ತುಂಬಿಕೊಳ್ಳುವುದಿಲ್ಲ. ಆ ಬೇಸಿಗೆಯಲ್ಲೇ ಮತ್ತೆ ತೆಗೆದುಕೊಳ್ಳಲಿ, ದಯವಿಟ್ಟು ಮುಂದೂಡಬೇಡಿ. ಏಳು-ಎಂಟರಲ್ಲಿ ಸ್ಪ್ಯಾನಿಷ್ ಅಥವಾ ಆಲ್ಜೀಬ್ರಾ ಮುಗಿಸಿದ್ದರೆ ಅದೂ ಎಣಿಕೆಗೆ ಬರುತ್ತದೆ, ಕೌನ್ಸೆಲರ್ ಹತ್ತಿರ ಈಗಲೇ ಕೇಳಿ.