ಕಡಲ ಕಾನೂನಿನಲ್ಲಿ ‘ಜನರಲ್ ಆವರೇಜ್’ ಎಂದರೇನು?

ಇಲ್ಲಿ ಆವರೇಜ್ ಎಂದರೆ ಸರಾಸರಿಯಲ್ಲ, ನಷ್ಟ. ಹಡಗು, ಸರಕು ಎರಡೂ ಅಪಾಯದಲ್ಲಿದ್ದಾಗ ಎಲ್ಲವನ್ನೂ ಉಳಿಸಲೆಂದು ಬೇಕೆಂದೇ ಮಾಡಿದ ತ್ಯಾಗವನ್ನೋ ಅಸಾಧಾರಣ ಖರ್ಚನ್ನೋ ಎಲ್ಲರೂ ತಮ್ಮ ತಮ್ಮ ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ಹೊರುವ ವ್ಯವಸ್ಥೆ ಇದು. ಲೆಕ್ಕ ಹಾಕುವುದು ಸಾಮಾನ್ಯವಾಗಿ ಯಾರ್ಕ್-ಆಂಟ್ವರ್ಪ್ ನಿಯಮಗಳೆಂಬ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ.

ಹಡಗಿನ ಬೆಲೆ 60 ಲಕ್ಷ ಡಾಲರ್, ಸರಕಿನದು 40 ಲಕ್ಷ ಎನ್ನಿ. ನೆಲಕಚ್ಚಿದ ಹಡಗನ್ನು ಹಗುರ ಮಾಡಲು 5 ಲಕ್ಷದ ಸರಕನ್ನು ಕಡಲಿಗೆಸೆದರೆ ಎಲ್ಲರ ಪಾಲೂ ಅವರವರ ಆಸ್ತಿಯ ಶೇ. 5. ಸರಕು ಕಳೆದುಕೊಂಡವರೂ ಇದರಿಂದ ಹೊರತಲ್ಲ. ಕಳೆದುಕೊಂಡ 5 ಲಕ್ಷದಲ್ಲಿ ಅದರ ಶೇ. 5, ಅಂದರೆ 25 ಸಾವಿರ, ಕಳೆದು ಅವರ ಕೈಗೆ ಬರುವುದು 4.75 ಲಕ್ಷ. ನ್ಯಾಯ ಇರುವುದೇ ಇಲ್ಲಿ.

‘ಬೇಕೆಂದೇ’ ಎಂಬುದು ಮುಖ್ಯ. ಬಿರುಗಾಳಿಗೆ ಕಂಟೇನರ್ ತಾನಾಗಿ ಬಿದ್ದರೆ ಅದು ‘ಪರ್ಟಿಕ್ಯುಲರ್ ಆವರೇಜ್’, ನಷ್ಟ ಮಾಲೀಕನದೇ. ಬೆಂಕಿಯಲ್ಲಿ ಸುಟ್ಟ ಸರಕು ಲೆಕ್ಕಕ್ಕಿಲ್ಲ, ಆರಿಸಲು ಹಾಕಿದ ನೀರಿನಿಂದ ಕೆಟ್ಟದ್ದು ಲೆಕ್ಕಕ್ಕುಂಟು.

2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನ ಮಾಲೀಕರು ಜನರಲ್ ಆವರೇಜನ್ನೇ ಘೋಷಿಸಿದ್ದರು. ಹಾಗೆ ಘೋಷಿಸಿದರೆ, ನಿಮ್ಮ ಸರಕಿಗೆ ಏನೂ ಆಗದಿದ್ದರೂ ಆವರೇಜ್ ಬಾಂಡ್ (ನಿಮ್ಮ ಪಾಲು ಕೊಡುತ್ತೇನೆಂಬ ಲಿಖಿತ ಒಪ್ಪಿಗೆ) ಮತ್ತು ವಿಮಾ ಕಂಪನಿಯ ಗ್ಯಾರಂಟಿ ಕೊಡಬೇಕು. ವಿಮೆ ಇಲ್ಲದವರು ನಗದು ಠೇವಣಿ ಇಡಬೇಕಾಗುತ್ತದೆ. ಇಲ್ಲದಿದ್ದರೆ ಸರಕು ಬಿಡುವುದಿಲ್ಲ.