ಶುಕ್ರವಾರದ ಬದಲು ಭಾನುವಾರ

ಪೊಲೀಸ್ ಇಲಾಖೆಯವರು ನನ್ನ ಹತ್ತಿರ ಬಂದಾಗ ಮೊದಲು ಹೇಳುವುದು ನಿದ್ದೆಯ ವಿಷಯ. ಇಲ್ಲಾಂದ್ರೆ ಬಿಪಿ, ಗ್ಯಾಸ್ಟ್ರಿಕ್, ಮನೆಯಲ್ಲಿ ಜಗಳ. ಡ್ಯೂಟಿ ಜಾಸ್ತಿ, ರಜೆ ಸಿಗಲ್ಲ, ಒಂದು ಬಂದೋಬಸ್ತ್ ಮುಗಿಯುವಷ್ಟರಲ್ಲಿ ಇನ್ನೊಂದು. ಎಲ್ಲವೂ ನಿಜ. ಆದರೆ ಕೋಲಾರದಲ್ಲಿ ಆಪ್ತಸಲಹೆ ಮಾಡುತ್ತಾ ನಾನು ಕಂಡಿದ್ದು ಇನ್ನೊಂದಿದೆ. ಕೆಲವರ ನಿದ್ದೆ ಕೆಟ್ಟಿರುವುದು ತಾವೇ ಮಾಡಿದ ಒಂದು ಸಣ್ಣ ಕೆಲಸದಿಂದ. ಅದನ್ನು ಬೇಗ ಬಾಯಿಬಿಟ್ಟು ಹೇಳುವುದಿಲ್ಲ. ಇಂಥವರು ಮತ್ತೆ ಮತ್ತೆ ಬರುತ್ತಿದ್ದಾರೆ. ಅದಕ್ಕೇ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

ಅವರು ಹೆಡ್ ಕಾನ್‌ಸ್ಟೇಬಲ್, ಠಾಣೆಯಲ್ಲಿ ರೈಟರ್. ಎಫ್‌ಐಆರ್, ಮಹಜರು, ಅರೆಸ್ಟ್ ಮೆಮೊ, ಠಾಣಾ ದಿನಚರಿ, ಇವೆಲ್ಲ ಹೆಚ್ಚಾಗಿ ತಯಾರಾಗುವುದು ರೈಟರ್ ಕೈಯಲ್ಲೇ. ಸಹಿ ಸಾಹೇಬರದು, ಬರವಣಿಗೆ ಇವರದು.

ಅವರ ಠಾಣೆ ವ್ಯಾಪ್ತಿಯಲ್ಲಿ ತೋಟಗಳಿಂದ ಬೋರ್‌ವೆಲ್ ಕೇಬಲ್ ಕಳುವಾಗುತ್ತಿತ್ತು. ಒಳಗಿನ ತಾಮ್ರಕ್ಕಾಗಿ ಕತ್ತರಿಸಿಕೊಂಡು ಹೋಗುತ್ತಾರೆ. ನಮ್ಮ ಕಡೆ ಸಾವಿರ ಅಡಿ ಕೊರೆಸಿದರೂ ನೀರು ಸಿಗುವುದು ಕಷ್ಟ. ಟೊಮೆಟೊ ಕಾಯಿ ಕಟ್ಟುವ ಹೊತ್ತಿನಲ್ಲಿ ನಾಲ್ಕು ದಿನ ಮೋಟಾರ್ ನಿಂತರೆ ಬೆಳೆ ಹೋದ ಹಾಗೇ. ರೈತರು ಬಂದು ಠಾಣೆ ಮುಂದೆ ಕೂತರು. ಮೇಲಿನಿಂದ ಫೋನ್ ಮೇಲೆ ಫೋನ್. ಒಂದು ಶುಕ್ರವಾರ ಸಂಜೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಅರೆಸ್ಟ್ ಮೆಮೊದಲ್ಲಿ ಬರೆದಿದ್ದು ಭಾನುವಾರ ಬೆಳಗ್ಗೆ ಅಂತ. ಬರೆದವರು ಇವರು.

ಹೊಡೆದಿರಾ ಅಂತ ನಾನು ಕೇಳಿದೆ. ಬೇರೆ ಬೇರೆ ಥರ ತಿರುಗಿಸಿ ಕೇಳಿದೆ. ಯಾರೂ ಕೈ ಮಾಡಿಲ್ಲ ಅಂದರು. ಯಾರದ್ದಾದರೂ ಜೀವಕ್ಕೆ ಅಪಾಯ ಇದೆ ಅಂತ ಗೊತ್ತಾದರೆ ನಾನು ಗುಟ್ಟು ಉಳಿಸಿಕೊಳ್ಳುವುದಿಲ್ಲ ಅಂತ ಮೊದಲ ದಿನವೇ ಹೇಳಿದ್ದೆ. ಪೊಲೀಸರಿಗೆ ಮಾತ್ರ ಅಲ್ಲ, ಬಂದವರಿಗೆಲ್ಲ ಹೇಳುತ್ತೇನೆ.

ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸಾಮಾನ್ಯ ಕಳ್ಳತನಕ್ಕೆ 3 ವರ್ಷದ ತನಕ ಶಿಕ್ಷೆ. 7 ವರ್ಷದ ತನಕ ಶಿಕ್ಷೆ ಇರುವ ಕೇಸುಗಳಲ್ಲಿ ಸುಮ್ನೆ ಬಂಧಿಸುವ ಹಾಗಿಲ್ಲ, ಕಾರಣ ಬರೆಯಬೇಕು, ಕಾರಣ ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು ಅಂತ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ಕೂಡ ನೋಟಿಸಿನ ದಾರಿ ಕೊಡುತ್ತದೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದಲ್ಲೇ ಇದೆ. ಇಷ್ಟನ್ನೂ ಅವರೇ ನನಗೆ ಒಪ್ಪಿಸಿದರು. ಆಮೇಲೆ, “ಬರೆಯೋನು ನಾನು ಅಷ್ಟೇ ಮೇಡಂ, ಹೇಳೋರು ಬೇರೆ” ಅಂದರು.

ಈ ಮಾತನ್ನು ನಾನು ಎಷ್ಟೋ ಜನರಿಂದ ಕೇಳಿದ್ದೇನೆ. ಪೊಲೀಸರಿಂದ ಮಾತ್ರವಲ್ಲ. ಕೇಳಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ಅವರು ಇದನ್ನು ನನಗಿಂತ ಹೆಚ್ಚಾಗಿ ತಮಗೇ ಹೇಳಿಕೊಳ್ಳುತ್ತಿದ್ದಾರೆ.

ಮೊದಮೊದಲು ಅವರ ಭಯ ಸಿಸಿಟಿವಿಯದು ಅಂತಲೇ ಕಾಣುತ್ತಿತ್ತು. ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, ರೆಕಾರ್ಡಿಂಗ್ 18 ತಿಂಗಳು ಉಳಿಯಬೇಕು, ಆಗದಿದ್ದರೆ ಕಡೇಪಕ್ಷ ಒಂದು ವರ್ಷವಾದರೂ ಇರಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವರು ಆ ತಿಂಗಳುಗಳನ್ನು ಎಣಿಸುತ್ತಿದ್ದರು. ಹುಡುಗನ ಲಾಯರ್ ಯಾವತ್ತು ಫೂಟೇಜ್ ಕೇಳುತ್ತಾರೋ, ಯಾವತ್ತು ಇಲಾಖಾ ವಿಚಾರಣೆ ಶುರುವಾಗುತ್ತದೋ, ಇನ್‌ಕ್ರಿಮೆಂಟ್ ಹೋಗುತ್ತದೋ ಅಂತ ರಾತ್ರಿಯೆಲ್ಲ ಲೆಕ್ಕ.

ಒಂದು ದಿನ ಕೇಳಿದೆ: “ಆ ರೆಕಾರ್ಡಿಂಗ್ ಇವತ್ತೇ ಅಳಿಸಿಹೋಯ್ತು ಅಂದ್ಕೊಳ್ಳಿ. ಯಾರೂ ಕೇಳಲ್ಲ. ರಾತ್ರಿ ನಿದ್ದೆ ಬರುತ್ತಾ?”

ಬರುತ್ತೆ ಅಂತಾರೆ ಅಂದುಕೊಂಡಿದ್ದೆ. ಅವರು ಏನೂ ಹೇಳಲಿಲ್ಲ. ಕೈಯಲ್ಲಿದ್ದ ಬೈಕ್ ಕೀಯನ್ನು ಮೇಜಿನ ಮೇಲಿಟ್ಟರು. ಆಮೇಲೆ, “ಆ ತಾಯಿ ಬಂದಿದ್ಲು ಮೇಡಂ” ಅಂದರು.

ಶನಿವಾರ ಮಧ್ಯಾಹ್ನ ಹುಡುಗನ ತಾಯಿ ಠಾಣೆಗೆ ಬಂದಿದ್ದರಂತೆ. ನನ್ನ ಮಗ ಇಲ್ಲಿದ್ದಾನಾ ಸಾರ್ ಅಂತ ಕೇಳಿದರು. ದಿನಚರಿಯಲ್ಲಿ ಅವನ ಹೆಸರಿಲ್ಲ. ಇದ್ದಾನೆ ಅಂದರೆ ಯಾವಾಗಿಂದ ಅನ್ನುವ ಪ್ರಶ್ನೆ ಬರುತ್ತದೆ. ಇವರು, “ಇಲ್ಲಿ ಯಾರೂ ಇಲ್ಲಮ್ಮ, ಹೋಗು” ಅಂದರು. ಹುಡುಗ ಒಳಗಿನ ಕೋಣೆಯಲ್ಲಿದ್ದ, ಗೋಡೆಯ ಆಚೆ. ಆಕೆ ಜಗಳ ಆಡಲಿಲ್ಲ, ಅಳಲೂ ಇಲ್ಲ. ಸೆರಗಿನ ಮರೆಯಲ್ಲಿದ್ದ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. “ಒಳಗೆ ಯಾರಾದ್ರೂ ಹಸ್ಕೊಂಡಿದ್ರೆ ಕೊಡಿ ಸಾರ್” ಅಂದು ಹೊರಟುಹೋದರು.

ಡಬ್ಬಿಯಲ್ಲಿ ಮುದ್ದೆ, ಬಸ್ಸಾರು. ಮುಚ್ಚಳದ ಮೇಲೆ ಹುಡುಗನ ಅಪ್ಪನ ಹೆಸರು ಕೊರೆಸಿತ್ತು. ಅಂಗಡಿಯಲ್ಲಿ ಪಾತ್ರೆ ಕೊಳ್ಳುವಾಗ ಹೆಸರು ಹಾಕಿಸುತ್ತಾರಲ್ಲ, ಹಾಗೆ. ಇವರೇ ತೆಗೆದುಕೊಂಡು ಹೋಗಿ ಕೊಟ್ಟರು. ಹುಡುಗ ಮುಚ್ಚಳ ನೋಡಿದ, ಇವರ ಮುಖ ನೋಡಿದ, ತಿಂದ. ಒಂದು ಮಾತೂ ಆಡಲಿಲ್ಲ.

“ಭಾನುವಾರ ಮೆಮೊ ಬರೆಯುವಾಗ ಹುಡುಗನ ಹೆಸರು ಬರೆದೆ, ಬಿನ್ ಅಂತ ಬರೆದೆ. ಮುಂದೆ ಅಪ್ಪನ ಹೆಸರು ಬೇಕಲ್ವಾ? ಕೇಳೋದೇ ಬೇಕಾಗಿರ್ಲಿಲ್ಲ ಮೇಡಂ. ನನಗೆ ಗೊತ್ತಿತ್ತು.”

ಅಲ್ಲಿಂದ ಮುಂದೆ ಸಿಸಿಟಿವಿಯ ಮಾತು ಹೆಚ್ಚು ಬರಲಿಲ್ಲ.

ಅರೆಸ್ಟ್ ಮೆಮೊ ಅನ್ನುವುದು ಗಟ್ಟಿಯಾಗಿ ಬಂದಿದ್ದೇ 1996ರ ಡಿ.ಕೆ. ಬಸು ತೀರ್ಪಿನಿಂದ. ಬಂಧಿಸಿದ ದಿನ, ಸಮಯ ಅದರಲ್ಲಿರಬೇಕು, ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು. ಯಾರನ್ನೋ ಒಳಗೆ ಕೂರಿಸಿಕೊಂಡು ಹೊರಗೆ ಇಲ್ಲ ಅನ್ನಬಾರದು ಅಂತಲೇ ಇದೆಲ್ಲ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಸಿಗಬೇಕಾದ ಕಾಗದ ಅದು. ಹುಡುಗ ಕದ್ದಿದ್ದನೋ ಇಲ್ಲವೋ ಕೋರ್ಟ್ ನೋಡಿಕೊಳ್ಳುತ್ತದೆ. ಕದ್ದಿದ್ದರೂ ಆಕೆಗೆ ಆ ಉತ್ತರ ಸಿಗಬೇಕಿತ್ತು.

ಇನ್ನು ನಾನು ಕೊಟ್ಟ ಸಲಹೆ. ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಡ್ತೀನಿ ಅಂದರು, ಬೇಡ ಅಂದೆ. ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳ್ತೀನಿ ಅಂದರು, ಅದೂ ಬೇಡ ಅಂದೆ. ಕೇಸು ಇನ್ನೂ ಕೋರ್ಟಿನಲ್ಲಿದೆ. ಪೊಲೀಸ್‌ನವರು ಮನೆ ಬಾಗಿಲಿಗೆ ಬಂದರೆ ಆಕೆಗೆ ಮೊದಲು ಆಗುವುದು ಭಯ. ಹಗುರಾಗುವುದು ಇವರ ಮನಸ್ಸು, ನಡುಗುವುದು ಆಕೆಯ ಮನೆ. ಅದರ ಬದಲು ಮೊದಲು ಒಬ್ಬ ವಕೀಲರನ್ನು ನೋಡಿ ಅಂದೆ. ನಾಳೆ ಸಾಕ್ಷಿಕಟ್ಟೆಯಲ್ಲಿ ಆ ಸಮಯದ ಬಗ್ಗೆ ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಏನಾದರೂ ಆಗಲಿ ಅಂದೆ. ಇದು ಸುಲಭದ ಮಾತಲ್ಲ ಅಂತ ಗೊತ್ತಿದ್ದೇ ಹೇಳಿದೆ.

ಇನ್ನು ಮುಂದೆ ತಪ್ಪು ಸಮಯ ಬರೆಯಬೇಡಿ, ಅದನ್ನು ಸಾಹೇಬರಿಗೆ ಮೊದಲೇ ಹೇಳಿಡಿ ಅಂತಲೂ ಅಂದೆ. ಕೇಸು ಬಿಸಿಯಾಗಿದ್ದಾಗ, ನಾಲ್ಕು ಜನರ ಮುಂದೆ ಹೇಳುವುದಲ್ಲ. ಯಾರೂ ಇಲ್ಲದಾಗ, ಏನೂ ನಡೆಯದಿರುವ ಒಂದು ದಿನ ಹೇಳಬೇಕು. ಮಾತುಗಳನ್ನು ಕೂತು ಅಭ್ಯಾಸ ಮಾಡಿದೆವು. “ಸಾರ್, ಕರೆತಂದ ಸಮಯವನ್ನೇ ಬರೀತೀನಿ. ಬೇರೆ ಬರೆಯೋಕೆ ನನ್ನ ಕೈಲಿ ಆಗಲ್ಲ.” ಅವರು ಮೊದಲು “ಸಿಸಿಟಿವಿ ಇದೆ ಸಾರ್, ನಿಮಗೇ ತೊಂದರೆ” ಅಂತ ಸೇರಿಸಿದ್ದರು. ಅದನ್ನು ತೆಗೆಸಿದೆ. ಕ್ಯಾಮೆರಾ ಹೆಸರು ಹೇಳಿದರೆ ಕ್ಯಾಮೆರಾ ಕೆಟ್ಟಿರುವ ದಿನ ಏನು ಹೇಳುತ್ತಾರೆ?

ದೂರು ಕೊಡಿ ಅಂತ ಯಾಕೆ ಹೇಳಲಿಲ್ಲ ಅಂತ ನನ್ನ ಜೊತೆ ಕೆಲಸ ಮಾಡುವವರೇ ಕೇಳಿದರು. ಕೋಪದಿಂದಲೇ ಕೇಳಿದರು. ರಾಜ್ಯದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇದೆ, ಮಾನವ ಹಕ್ಕುಗಳ ಆಯೋಗ ಇದೆ. ಆ ದಾರಿಗಳನ್ನು ನಾನು ಅವರಿಗೆ ಬಿಡಿಸಿ ಹೇಳಿದ್ದೇನೆ. ಆದರೆ ಹೋಗು ಅಂತ ಹೇಳುವುದು ನನ್ನ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ನಾನು ಹೇಳಿದೆ ಅಂತ ದೂರು ಕೊಟ್ಟರೆ, ಸಾಹೇಬರು ಹೇಳಿದರು ಅಂತ ಸಮಯ ಬರೆದ ಮನುಷ್ಯನೇ ಮತ್ತೆ ನನ್ನ ಮುಂದೆ ಕೂತಿರುತ್ತಾನೆ. ನಿರ್ಧಾರ ಅವರದೇ ಆಗಬೇಕು. ಈ ನನ್ನ ನಿಲುವನ್ನು ಒಪ್ಪದವರು ಇರುತ್ತಾರೆ, ಇರಲಿ.

ಅವರು ಸಾಹೇಬರ ಹತ್ತಿರ ಮಾತಾಡಿದರು. ಸಾಹೇಬರು ಬೈಯಲಿಲ್ಲ. “ರೈತರು ಬಂದು ಕೂತಾಗ ನೀನು ಉತ್ತರ ಹೇಳ್ತೀಯಾ?” ಅಂತ ಕೇಳಿದರಂತೆ. ಅದು ನ್ಯಾಯವಾದ ಪ್ರಶ್ನೆ. ಕೇಬಲ್ ಕಳೆದುಕೊಂಡ ರೈತನಿಗೂ ಉತ್ತರ ಬೇಕು. ಆದರೆ ಅದನ್ನು ಹುಡುಗನ ತಾಯಿಗೆ ಸುಳ್ಳು ಹೇಳಿ ಕೊಡಲು ಆಗುವುದಿಲ್ಲ. ಮುಂದಿನ ಒಂದು ಕೇಸಿನಲ್ಲಿ ನೋಟಿಸ್ ಕೊಟ್ಟು ಕರೆಸಿದರು. ಅದಾದ ಮೇಲೆ ಇನ್ನೊಂದರಲ್ಲಿ ಇವರನ್ನು ಬಂದೋಬಸ್ತಿಗೆ ಕಳಿಸಿ ಬೇರೆಯವರ ಕೈಯಲ್ಲಿ ಮೆಮೊ ಬರೆಸಿದರು.

ಇದೇ ಸ್ಥಿತಿಯಲ್ಲಿ ಇರುವವರು ಓದುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅವರಿಗೆ ಈಗ ನಿದ್ದೆ ಪರವಾಗಿಲ್ಲ. ರೈಟರ್ ಕೆಲಸ ಬಿಟ್ಟು ಬೀಟ್‌ಗೆ ಹಾಕಿ ಅಂತ ಕೇಳಿಕೊಳ್ಳಲೇ ಅಂತ ಹೋದ ಸಲ ಕೇಳಿದರು. ನೀವು ಎದ್ದರೆ ಆ ಕುರ್ಚಿಗೆ ಯಾರು ಬರುತ್ತಾರೆ ಅಂತ ಯೋಚಿಸಿ, ಆಮೇಲೂ ಬೇಡ ಅನ್ನಿಸಿದರೆ ಬಿಡಿ ಅಂದೆ. ಅವರು ಇನ್ನೂ ತೀರ್ಮಾನ ಮಾಡಿಲ್ಲ.