ಪಟ್ಟಿ ಜೋಪಾನವಾಗಿಟ್ಟುಕೊಂಡಿದ್ದ ಮಗ: ಪುಣೆಯ ಒಂದು ಆಪ್ತಸಲಹೆ ಪ್ರಕರಣ

ದಂಪತಿಯ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ; ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಂದವರು ಮೂವತ್ತೈದು ದಾಟಿದ ಸಾಫ್ಟ್‌ವೇರ್ ಎಂಜಿನಿಯರ್. ಗದಗ ಕಡೆಯ ಒಕ್ಕಲು ಮನೆತನದವರು, ಪುಣೆಗೆ ಬಂದು ಹನ್ನೆರಡು ವರ್ಷ. ಪತ್ನಿಯೇ ಒತ್ತಾಯಿಸಿ ಕರೆತಂದಿದ್ದರು. ನಿದ್ದೆಯಿಲ್ಲ, ಮಗಳ ಮೇಲೆ ಸುಮ್ಮಸುಮ್ಮನೆ ರೇಗಾಟ, ಊಟದ ತಟ್ಟೆಯ ಪಕ್ಕದಲ್ಲೂ ಲ್ಯಾಪ್‌ಟಾಪ್. ಹದಿನಾಲ್ಕು ತಿಂಗಳ ಹಿಂದೆ ಕೆಲಸ ಬಿಟ್ಟು, ಪುರಂದರ, ಮುಳಶಿ ತಾಲ್ಲೂಕುಗಳ ರೈತರಿಂದ ನಗರದ ಗ್ರಾಹಕರು ನೇರವಾಗಿ ತರಕಾರಿ ಕೊಳ್ಳುವಂಥ ವೆಬ್ ಆ್ಯಪ್ ಕಟ್ಟಲು ಅವರು ಕುಳಿತಿದ್ದರು.

ಆಲೋಚನೆಯಲ್ಲಿ ಹುರುಳಿತ್ತು. ಮಹಾರಾಷ್ಟ್ರ ಸರ್ಕಾರವು 2016ರಲ್ಲಿ ಹಣ್ಣು-ತರಕಾರಿಗಳನ್ನು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಡ್ಡಾಯ ನಿಯಂತ್ರಣದಿಂದ ಬಿಡಿಸಿದ ಮೇಲೆ, ರೈತ ತನ್ನ ಮಾಲನ್ನು ಪುಣೆಯ ಗುಲ್ಟೇಕಡಿಯಲ್ಲಿರುವ ಸಮಿತಿಯ ಮಾರ್ಕೆಟ್ ಯಾರ್ಡಿಗೇ ಒಯ್ಯಬೇಕೆಂಬ ಕಟ್ಟು ಉಳಿದಿಲ್ಲ. ರೈತರೇ ನಿಂತು ಮಾರುವ ವಾರದ ಸಂತೆಗಳೂ ಪುಣೆಯ ಬಡಾವಣೆಗಳಲ್ಲಿ ನಡೆಯುತ್ತವೆ. ಆದ್ದರಿಂದ ‘ಈ ಹುಚ್ಚು ಬಿಟ್ಟು ಮತ್ತೆ ಕೆಲಸ ಹುಡುಕು’ ಎಂದು ಬಂಧುಗಳು ಹೇಳುತ್ತಿದ್ದ ಮಾತನ್ನು ನಾನು ಆಡಲಿಲ್ಲ. ಮೊದಲ ಭೇಟಿಯಲ್ಲಿ ಬದುಕು ಬೇಡವೆನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೂ ರಾತ್ರಿಯ ಹೊತ್ತಿಗೆ ಇರಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರಿಗೂ ಬರೆದುಕೊಟ್ಟು, ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದೆಂದು ತಿಳಿಸಿ, ನಿದ್ದೆಯ ತೊಂದರೆಗೆ ವೈದ್ಯರನ್ನು ಕಾಣಲು ಹೇಳಿದೆ.

ಎರಡನೆಯ ಭೇಟಿಯಲ್ಲಿ ಅವರು ಲ್ಯಾಪ್‌ಟಾಪ್ ಚೀಲದ ಒಳಜೇಬಿನಿಂದ, ಮಡಿಕೆಗಳಲ್ಲಿ ಹರಿಯತೊಡಗಿದ್ದ ಒಂದು ಹಳೆಯ ಚೀಟಿಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅದು ಅಡತಿ ಅಂಗಡಿಯ ಪಟ್ಟಿ, ಅಂದರೆ ರೈತನ ಮಾಲು ಮಾರಿಸಿಕೊಡುವ ದಲಾಲಿ ಅಂಗಡಿಯವರು ಕೊಡುವ ಲೆಕ್ಕದ ಚೀಟಿ. ಅವರು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಗ ತಂದೆ ಹದಿನೆಂಟು ಚೀಲ ಉಳ್ಳಾಗಡ್ಡಿ ಮಾರಿದ ಲೆಕ್ಕ ಅದರಲ್ಲಿತ್ತು. ಲಾರಿ ಬಾಡಿಗೆ, ಹಮಾಲಿ, ತೂಕದ ಕೂಲಿ, ದಲಾಲಿ ಎಲ್ಲ ಕಳೆದು ಕೊನೆಯ ಸಾಲಿನಲ್ಲಿ ಉಳಿದದ್ದು ಇನ್ನೂರ ಹತ್ತು ರೂಪಾಯಿ. ಆ ವರ್ಷದ ಕಾಲೇಜು ಶುಲ್ಕಕ್ಕೆ ತಂದೆ ಎತ್ತು ಮಾರಿದ್ದರು.

ಈ ಕೆಲಸದ ಬಗ್ಗೆ ತಂದೆಯೊಡನೆ ಮಾತಾಡಿದ್ದೀರಾ ಎಂದು ಕೇಳಿದೆ. ಒಂದೇ ಸಲ, ಫೋನಿನಲ್ಲಿ ಮಾತಾಡಿದ್ದರಂತೆ. ಆಗ ತಂದೆ ಕೇಳಿದ್ದು ಇಷ್ಟು: “ತಮ್ಮಾ, ನಿನ್ನ ಮೊಬೈಲಿನ್ಯಾಗ ಮೆಂತೆ ಪಲ್ಯೆದ ಫೋಟೋ ಹಾಕತಿ, ಖರೆ. ನಸುಕಿನ್ಯಾಗ ಅದನ್ನ ಕಿತ್ತು, ಸೂಡು ಕಟ್ಟಿ, ಗಾಡಿಗೆ ಹೇರಾವ್ರು ಯಾರು?” ಮಗ ಉತ್ತರಿಸದೆ ಫೋನ್ ಇಟ್ಟು, ಅದೇ ರಾತ್ರಿ ಆ್ಯಪಿಗೆ ನಕ್ಷೆ ಸೇರಿಸಲು ಕುಳಿತರು.

ನನ್ನ ಮಟ್ಟಿಗೆ ಪ್ರಕರಣದ ಗಂಟು ಇರುವುದು ಇಲ್ಲಿಯೇ. ಆ್ಯಪಿನಲ್ಲಿ ರೈತರ ಪುಟವನ್ನು ಅವರು ನಾಲ್ಕು ಬಾರಿ ಹೊಸದಾಗಿ ಬರೆದಿದ್ದರು. ನೋಂದಾಯಿತರಾದ ಏಳು ರೈತರಲ್ಲಿ ಐವರ ವಿವರವನ್ನು ತಾವೇ ತುಂಬಿದ್ದರು. ನನಗೆ ಕೋಡ್ ತಿಳಿಯದು, ಆದರೆ ಬೆಳಗಿನ ನಾಲ್ಕರಿಂದ ಎಂಟರವರೆಗೆ ಏನೇನು ನಡೆಯುತ್ತದೆಂದು ಹೇಳಿ ಎಂದೆ. ಹತ್ತು ಕಿಲೋ ಟೊಮೆಟೊಗೆ ಆರ್ಡರ್ ಬಂದು ತೋಟದಲ್ಲಿ ಆರೇ ಕಿಲೋ ಸಿಕ್ಕರೆ ಯಾರಿಗೆ ಇಲ್ಲವೆನ್ನುವುದು, ಬಾಡಿದ ಸೊಪ್ಪಿನ ನಷ್ಟ ಯಾರ ತಲೆಗೆ, ಯಾರ್ಡಿನಲ್ಲಿ ದರ ದಿಢೀರನೆ ಏರಿದ ದಿನ ಒಪ್ಪಿಕೊಂಡ ರೈತ ಮಾಲನ್ನು ಅತ್ತಲೇ ಕಳುಹಿಸಿದರೆ ಗ್ರಾಹಕರಿಗೆ ಏನು ಹೇಳುವುದು – ಇವಕ್ಕೆ ಅವರಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಕೇಳಿದರೆ ರೈತರೂ ತಂದೆಯಂತೆಯೇ ಮಾತಾಡಿಯಾರೆಂಬ ಅಂಜಿಕೆಯಿಂದ ಅವರು ಯಾರನ್ನೂ ಕೇಳಿರಲಿಲ್ಲ. ಕಂಪ್ಯೂಟರ್ ಮುಂದೆ ಆ ಅಂಜಿಕೆಯಿರಲಿಲ್ಲ.

ಪತ್ನಿಗೆ ತಿಳಿಯದಂತೆ ಆಕೆಯ ಚಿನ್ನದ ಮೇಲೆ ಸಾಲ ತೆಗೆದ ಸಂಗತಿ ಮೂರನೆಯ ಭೇಟಿಯಲ್ಲಿ ಹೊರಬಂತು. ಯಾವ ಸಲಹೆಗೂ ಮೊದಲು ಇದನ್ನು ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಎಂದೆ. ಆ ವಾರವೇ ಹೇಳಿದರು. ಮುಂದಿನ ಭೇಟಿಗೆ ಬಂದ ಆಕೆ ಅಳುತ್ತ ಪತಿಗೆ, “ಚಿನ್ನಕ್ಕಲ್ಲರೀ ನನ್ನ ಸಂಕಟ, ಒಂದು ಮಾತು ಕೇಳಲಿಲ್ಲವಲ್ಲ” ಎಂದರು. ಆ ಭೇಟಿಯಿಡೀ ಆಕೆಯ ಮಾತಿಗೇ ಮೀಸಲಾಯಿತು. ಹಾಗಾಗಬೇಕಾದದ್ದೂ ನ್ಯಾಯವೇ ಆಗಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಆರು ವಾರ ಹೊಸ ಕೋಡ್ ಬರೆಯಬಾರದು. ಪುರಂದರ ತಾಲ್ಲೂಕಿನ ಸಾಸವಡದ ಬಳಿಯ ಒಂದೇ ರೈತ ಕುಟುಂಬ, ತಮ್ಮದೇ ವಸತಿ ಸೊಸೈಟಿಯ ಇಪ್ಪತ್ತು ಮನೆ, ವಾರಕ್ಕೆರಡು ದಿನ, ವಾಟ್ಸ್‌ಆ್ಯಪಿನಲ್ಲಿ ಆರ್ಡರ್, ಹಿಂದಿನ ಸಂಜೆ ಆರಕ್ಕೆ ಮುಕ್ತಾಯ. ಲೆಕ್ಕವೆಲ್ಲ ಕೈಬರಹದ ನೋಟ್‌ಬುಕ್ಕಿನಲ್ಲಿ. ವಾರಕ್ಕೊಂದು ಸಲವಾದರೂ ಕಟಾವಿನ ಹೊತ್ತಿಗೆ ತೋಟದಲ್ಲಿ ತಾವೇ ಇರಬೇಕು. ಇನ್ನೆಷ್ಟು ಹಣ, ಯಾವ ತಾರೀಖಿನವರೆಗೆ ಎಂಬುದನ್ನು ಗಂಡ-ಹೆಂಡತಿ ಕೂತು ಬರೆದು ಇಬ್ಬರೂ ಸಹಿ ಮಾಡಬೇಕು. ತಂದೆಯ ಪ್ರಶ್ನೆಗೆ ಊರಿಗೆ ಹೋಗಿ ಎದುರು ಕುಳಿತು ಉತ್ತರಿಸಬೇಕು, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಬೇಕು. ಆ ಪಟ್ಟಿಯನ್ನೂ ಜೊತೆಗೆ ಒಯ್ಯಬೇಕು.

ಅವರು ಪಟ್ಟಿಯೊಡನೆ ಊರಿಗೆ ಹೋಗಿ ಬಂದರು. ಮಗ ಅದನ್ನು ಇಟ್ಟುಕೊಂಡದ್ದೇ ತಂದೆಗೆ ತಿಳಿದಿರಲಿಲ್ಲ. ಎತ್ತು ಮಾರಿದ್ದು ಶುಲ್ಕಕ್ಕಲ್ಲ, ಅವು ಮುದಿಯಾಗಿದ್ದವು ಎಂದು ಅವರು ಹೇಳಿದರಂತೆ. ನಿಜವೋ, ಮಗನ ಸಮಾಧಾನಕ್ಕೋ ನಾನರಿಯೆ. ಅದನ್ನು ಹೇಳುವಾಗ ನನ್ನೆದುರಿನ ಮನುಷ್ಯನ ಭುಜಗಳು ಮೊದಲ ಬಾರಿಗೆ ಸಡಿಲವಾದವು.

ಆರು ವಾರ ಮುಗಿದಾಗ ನೋಟ್‌ಬುಕ್ಕಿನ ‘ಬಾಡಿದ್ದು’ ಎಂಬ ಅಂಕಣದಲ್ಲಿ ಮೆಂತೆ, ಪಾಲಕ್‌ಗಳೇ ತುಂಬಿದ್ದವು. ಆ್ಯಪ್ ಈಗ ಒಂದೇ ಪುಟಕ್ಕೆ ಇಳಿದಿದೆ: ನಾಳೆ ಏನಿದೆ, ಎಷ್ಟಿದೆ, ಯಾರ ತೋಟದ್ದು. ಅವರು ಅರೆಕಾಲಿಕ ಕೆಲಸವೊಂದನ್ನು ಹಿಡಿದಿದ್ದಾರೆ. ರಾತ್ರಿ ಐದು ತಾಸಿನಷ್ಟು ನಿದ್ದೆ ಬರುತ್ತಿದೆ. ಚಿನ್ನ ಇನ್ನೂ ಬ್ಯಾಂಕಿನಲ್ಲಿದೆ, ಪತ್ನಿಯ ನೋವೂ ಪೂರ್ತಿ ಆರಿಲ್ಲ. ಮುಂದಿನ ಭೇಟಿಗೆ ಆಕೆ ಒಬ್ಬರೇ ಬರುವುದೆಂದು ಇಬ್ಬರೂ ಒಪ್ಪಿದ್ದಾರೆ.